ಸೊನ್ನೆ ಡಿಗ್ರಿಗೆ ಹೆದರಿ, ಮೈನಸ್ ಹದಿನೈದಕ್ಕಲ್ಲ

ಪ್ರಶ್ನೆ: ನಮ್ಮೂರು ದಾವಣಗೆರೆ. ಕಳೆದ ಮೇ ತಿಂಗಳಿಂದ ಫಿನ್ಲೆಂಡಿನ ಔಲು ನಗರದಲ್ಲಿದ್ದೇವೆ. ಮನೆಯಿಂದ ಆಫೀಸಿಗೆ 6 ಕಿಲೋಮೀಟರ್. ನಾಲ್ಕು ವರ್ಷದ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ದಾರಿಯಲ್ಲೇ ಡೇಕೇರ್‌ಗೆ ಬಿಟ್ಟು ಹೋಗುತ್ತೇನೆ. ನನ್ನದು ಮೂರು ಗೇರಿನ ಹಳೇ ಸೈಕಲ್. ಹಿಂದಕ್ಕೆ ತುಳಿದರೆ ಹಿಂದಿನ ಬ್ರೇಕು, ಕೈಯಲ್ಲಿ ಮುಂದಿನ ಬ್ರೇಕು. ಬೇಸಿಗೆಯೆಲ್ಲ ಚೆನ್ನಾಗಿ ನಡೆಯಿತು. ನವೆಂಬರ್ ಮೊದಲ ವಾರದಲ್ಲೇ ಎರಡು ಸಲ ಬಿದ್ದೆ. ಪುಣ್ಯಕ್ಕೆ ಎರಡೂ ಸಲ ಮಗಳು ಜೊತೆಗಿರಲಿಲ್ಲ. ವಿಚಿತ್ರವೆಂದರೆ ಆಗ ನೆಲದ ಮೇಲೆ ಹಿಮವೇ ಇರಲಿಲ್ಲ. ಈಗ ಕೈಬೆರಳು ಮರಗಟ್ಟುತ್ತವೆ, ಆಫೀಸು ಸೇರುವ ಹೊತ್ತಿಗೆ ಬೆನ್ನು ಮಾತ್ರ ಬೆವೆತಿರುತ್ತದೆ. ಬೆಳಗ್ಗೆ ಕತ್ತಲೆಯಲ್ಲಿ ಏಳುವ ಮನಸ್ಸೇ ಬರುವುದಿಲ್ಲ. ಇಲ್ಲಿನವರು ‘ಅಭ್ಯಾಸವಾಗುತ್ತೆ ಬಿಡಿ’ ಅನ್ನುತ್ತಾರೆ. ಮುಂದುವರಿಸಲೋ, ಏಪ್ರಿಲ್‌ವರೆಗೆ ಸೈಕಲ್ ಒಳಗಿಡಲೋ?

ಉತ್ತರ: ಮುಂದುವರಿಸಿ. ಆದರೆ ಈಗಿರುವ ಟೈರುಗಳಲ್ಲಿ ಇನ್ನೊಂದು ದಿನವೂ ಮಗಳನ್ನು ಕೂರಿಸಬೇಡಿ. ಹೊಸ ಟೈರು ಬರುವವರೆಗೆ ಇಬ್ಬರೂ ಬಸ್ಸಿನಲ್ಲಿ ಹೋಗಿ.

ಎರಡು ಸಲ ಬಿದ್ದಾಗಲೂ ಹಿಮ ಇರಲಿಲ್ಲ ಎಂದಿದ್ದೀರಲ್ಲ, ನಿಮ್ಮ ತೊಂದರೆಯ ಬೇರು ಅಲ್ಲೇ ಇದೆ. ನಮ್ಮ ಕಡೆಯಿಂದ ಹೋದವರೆಲ್ಲ ಚಳಿಗೆ ಹೆದರುತ್ತಾರೆ, ಮೈನಸ್ 15 ಅಂದರೆ ಮೈನಸ್ 2ಕ್ಕಿಂತ ಏಳೆಂಟು ಪಟ್ಟು ಅಪಾಯ ಅಂದುಕೊಳ್ಳುತ್ತಾರೆ. ಸೈಕಲ್ ಟೈರಿನ ಲೆಕ್ಕದಲ್ಲಿ ಅದು ಉಲ್ಟಾ. ಮೈನಸ್ 15ರಲ್ಲಿ ಐಸ್ ಒಣಗಿರುತ್ತದೆ, ತುಳಿದ ಹಿಮ ಗಟ್ಟಿಯಾಗಿ ಕಿರುಗುಟ್ಟುತ್ತದೆ, ರಬ್ಬರು ಅದನ್ನು ತಕ್ಕಮಟ್ಟಿಗೆ ಹಿಡಿಯುತ್ತದೆ. ಸೊನ್ನೆಯ ಆಚೀಚೆ ಎರಡು ಡಿಗ್ರಿಯಲ್ಲಿ ಐಸಿನ ಮೇಲೆ ನೀರಿನ ತೆಳು ಪದರ ನಿಲ್ಲುತ್ತದೆ. ಎಣ್ಣೆ ಸವರಿದ ಬಂಡೆಯ ಮೇಲೆ ಕಾಲಿಟ್ಟಂತೆ. ಹಗಲು ಮಳೆ ಬಂದು ಒದ್ದೆಯಾದ ಡಾಂಬರು ಸಂಜೆ ಹೆಪ್ಪುಗಟ್ಟಿದಾಗ ಆ ಐಸು ಗಾಜಿನಷ್ಟು ಪಾರದರ್ಶಕ. ಕೆಳಗಿನ ಕಪ್ಪು ಡಾಂಬರು ಕಾಣುವುದರಿಂದ ರಸ್ತೆ ಬರೀ ಒದ್ದೆಯಾಗಿದೆ ಅನ್ನಿಸುತ್ತದೆ. ಇಲ್ಲಿನವರು ಅದನ್ನು ‘ಮುಸ್ತಾ ಯಾ’, ಕಪ್ಪು ಐಸು, ಅನ್ನುತ್ತಾರೆ. ನೀವು ಜಾರಿದ್ದು ಬಹುಶಃ ಅದರ ಮೇಲೆ. ಹಾಗಾಗಿ ಔಲುವಿನಲ್ಲಿ ಸೈಕಲ್ಲಿಗೆ ಕೆಟ್ಟ ಕಾಲವೆಂದರೆ ಜನವರಿಯಲ್ಲ. ಚಳಿಗಾಲದ ಎರಡು ಅಂಚುಗಳು. ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಮೊದಲವರೆಗೆ ಒಮ್ಮೆ, ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಮಾರ್ಚ್–ಏಪ್ರಿಲ್‌ನಲ್ಲಿ ಇನ್ನೊಮ್ಮೆ.

ಊರಿನ ವಿಷಯದಲ್ಲಿ ನೀವು ಅದೃಷ್ಟವಂತರು. ಔಲು ಇರುವುದು 65 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆದರೂ ಚಳಿಗಾಲದ ಸೈಕಲ್ ಸವಾರಿಗೇ ಮೀಸಲಾದ ಅಂತರರಾಷ್ಟ್ರೀಯ ಸಮ್ಮೇಳನ ಮೊದಲು ನಡೆದದ್ದು ಇಲ್ಲೇ, 2013ರಲ್ಲಿ. ಊರಿನ ಮೆಟ್ಸೊಕಾಂಗಸ್ ಶಾಲೆಯ ಮುಂದೆ ಹಿಮದಲ್ಲಿ ಸಾಲುಗಟ್ಟಿ ನಿಂತ ಸೈಕಲ್ಲುಗಳ ಚಿತ್ರವೊಂದು 2018ರಲ್ಲಿ ಜಗತ್ತೆಲ್ಲ ಸುತ್ತಿತ್ತು. ಅಂದು ಮೈನಸ್ 17. 1200 ಮಕ್ಕಳಲ್ಲಿ ಸುಮಾರು ಸಾವಿರ ಮಂದಿ ಸೈಕಲ್ಲಿನಲ್ಲೇ ಬಂದಿದ್ದರು. ಇದು ಬರೀ ಗಟ್ಟಿತನದ ಮಾತಲ್ಲ. ಮುಖ್ಯ ಸೈಕಲ್ ದಾರಿಗಳ ಹಿಮವನ್ನು ಬೆಳಗ್ಗೆ 7ರೊಳಗೆ ಸರಿಸಬೇಕೆಂದು ನಿಯಮವಿದೆ. ಉಪ್ಪು ಸುರಿದು ಕರಗಿಸುವ ಬದಲು ತಳದ ಹಿಮವನ್ನು ಗಟ್ಟಿಯಾಗಿ ಒತ್ತಿ, ಮೇಲೆ ಸಣ್ಣ ಜಲ್ಲಿ ಚೆಲ್ಲುತ್ತಾರೆ. ಆದ್ದರಿಂದ ಮೊದಲ ಕೆಲಸ, ಡೇಕೇರ್‌ಗೆ ಹತ್ತಿರದ ದಾರಿ ಬಿಟ್ಟು, ಮೊದಲು ಹಿಮ ತೆಗೆಯುವ ದಾರಿ ಯಾವುದೆಂದು ನೋಡಿ. ಅದು 800 ಮೀಟರ್ ಸುತ್ತಾದರೂ ಅದೇ ಬೇಗ ಮುಟ್ಟಿಸುತ್ತದೆ.

ಇನ್ನು ಟೈರು. ಅಂಗಡಿಯಲ್ಲಿ ‘ನಸ್ತಾರೆಂಗಸ್’ ಎಂದು ಕೇಳಿ, ಮೊಳೆ ಟೈರು. ರಬ್ಬರಿನಲ್ಲಿ ಕೂರಿಸಿದ ಪುಟ್ಟ ಮೊಳೆಗಳ ತುದಿ ಟಂಗ್‌ಸ್ಟನ್ ಕಾರ್ಬೈಡ್‌ನದ್ದಾಗಿರಬೇಕು. ಬರೀ ಉಕ್ಕಿನ ಮೊಳೆಯ ಅಗ್ಗದ ಟೈರೂ ಸಿಗುತ್ತದೆ. ಐಸಿಲ್ಲದ ಡಾಂಬರಿನ ಮೇಲೆ ಒಂದು ಚಳಿಗಾಲ ಓಡುವಷ್ಟರಲ್ಲಿ ಅದರ ಮೊಳೆ ಸವೆದು ನುಣುಪಾಗುತ್ತದೆ, ದುಡ್ಡು ದಂಡ. ಇಲ್ಲಿ ಹೆಚ್ಚು ಕಾಣುವುದು ಹಕ್ಕಪೆಲೀಟ್ಟ ಸರಣಿ. ಹೆಸರಿನಲ್ಲಿರುವ 106, 240 ಎಂಬ ಅಂಕಿ ಮೊಳೆಗಳ ಸಂಖ್ಯೆ. 106ರದ್ದು ಹಗುರ, ನೇರ ದಾರಿಗೆ ಸಾಕು. 240ರಲ್ಲಿ ಅಂಚಿನಲ್ಲೂ ಮೊಳೆಗಳಿರುವುದರಿಂದ ಸೈಕಲ್ ವಾಲಿದಾಗ, ಹೆಪ್ಪುಗಟ್ಟಿದ ಗಾಲಿ ಜಾಡಿಗೆ ಸಿಕ್ಕಾಗ ಹಿಡಿತ ತಪ್ಪುವುದಿಲ್ಲ. ಒಬ್ಬರೇ ಹೋಗುವವರಿಗೆ 106 ಸಾಕು ಅನ್ನುತ್ತಿದ್ದೆವು. ನಿಮ್ಮ ಹಿಂದೆ ಮಗು ಇದೆ, ಮುಂದಿನ ಚಕ್ರಕ್ಕಾದರೂ 240 ಹಾಕಿಸಿ.

ಮುಂದಿನ ಚಕ್ರ ಅನ್ನುವುದಕ್ಕೆ ಕಾರಣವಿದೆ. ಹಿಂದಿನ ಚಕ್ರ ಜಾರಿದರೆ ಸೈಕಲ್ ಬಾಲ ಬೀಸುತ್ತದೆ, ಕಾಲು ಕೊಟ್ಟು ಸಾವರಿಸಿಕೊಳ್ಳಲು ಅರೆಕ್ಷಣ ಸಿಗುತ್ತದೆ. ಮುಂದಿನದು ಜಾರಿದರೆ ಗೊತ್ತಾಗುವ ಮೊದಲೇ ಸೊಂಟ ನೆಲದಲ್ಲಿರುತ್ತದೆ. ಎರಡಕ್ಕೂ ಹಾಕಿಸುವುದೇ ಸರಿ. ಕೈಯಲ್ಲಿ ಒಂದೇ ಟೈರಿನ ಹಣ ಇದ್ದರೆ ಅದು ಮುಂದಕ್ಕೆ.

ಅಳತೆ ನೋಡುವುದು ಹೀಗೆ: ಹಳೇ ಟೈರಿನ ಪಕ್ಕದಲ್ಲಿ 37-622 ಎಂಬಂಥ ಅಂಕಿ ಉಬ್ಬಚ್ಚಿರುತ್ತದೆ. 622 ರಿಮ್ಮಿನ ಅಳತೆ, ಅದು ಹೊಂದಲೇಬೇಕು. 37 ಟೈರಿನ ದಪ್ಪ ಮಿಲಿಮೀಟರಿನಲ್ಲಿ, ಅದು ತುಸು ಹೆಚ್ಚುಕಡಿಮೆ ಆಗಬಹುದು. ಹೊಸ ಟೈರು ಹಾಕಿದ ಮೇಲೆ ಮಡ್‌ಗಾರ್ಡಿಗೂ ಟೈರಿಗೂ ನಡುವೆ ಕಿರುಬೆರಳು ಸಲೀಸಾಗಿ ಹೋಗುವಷ್ಟು, ಅಂದರೆ ಒಂದು ಸೆಂಟಿಮೀಟರ್ ಜಾಗ ಉಳಿಯಬೇಕು. ಇಲ್ಲದಿದ್ದರೆ ಒದ್ದೆ ಹಿಮ ಒಳಗೆ ತುಂಬಿ ಗಟ್ಟಿಯಾಗಿ ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಟೈರಿನ ಪಕ್ಕದ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗಿರಲಿ. ಮೊದಲ 40–50 ಕಿಲೋಮೀಟರ್ ಐಸಿಲ್ಲದ ಡಾಂಬರಿನ ಮೇಲೆ, ಜೋರು ಬ್ರೇಕು ಹಾಕದೆ ಓಡಿಸಿ. ಮೊಳೆಗಳು ತಮ್ಮ ಗುಳಿಯಲ್ಲಿ ಬಿಗಿಯಾಗಿ ಕೂರಲು ಅಷ್ಟು ಬೇಕು. ಅದನ್ನು ತಪ್ಪಿಸಿದವರ ಟೈರಿನಿಂದಲೇ ಡಿಸೆಂಬರ್‌ನಲ್ಲಿ ಮೊಳೆ ಉದುರುವುದು.

ಗಾಳಿಯ ಲೆಕ್ಕ ಬಹಳ ಜನ ತಪ್ಪುತ್ತಾರೆ. ಐಸಿನ ಮೇಲೆ ಟೈರು ಸ್ವಲ್ಪ ಮೆತ್ತಗಿದ್ದರೆ ಹೆಚ್ಚು ಮೊಳೆ ನೆಲ ಮುಟ್ಟುತ್ತವೆ, ಆದ್ದರಿಂದ ಟೈರಿನ ಮೇಲೆ ಬರೆದಿರುವ ಕನಿಷ್ಠ ಒತ್ತಡಕ್ಕಿಂತ ತುಸು ಮೇಲಿದ್ದರೆ ಸಾಕು. ಆದರೆ ಮನೆಯೊಳಗಿನ ಬೆಚ್ಚಗಿನ ಜಾಗದಲ್ಲಿ, 20 ಡಿಗ್ರಿಯಲ್ಲಿ, 3 ಬಾರ್ ಹೊಡೆದು ಮೈನಸ್ 20ರ ಹೊರಗೆ ತಂದಿರಿ ಅನ್ನಿ. ಒಂದು ಗುಳ್ಳೆ ಗಾಳಿ ಸೋರದಿದ್ದರೂ ಅದು ಎರಡೂವರೆ ಬಾರ್‌ಗೆ ಇಳಿದಿರುತ್ತದೆ. ತಣಿದ ಗಾಳಿ ಕುಗ್ಗುತ್ತದೆ, ಅಷ್ಟೇ. ಮಗುವಿನ ಭಾರವಿರುವ ಹಿಂದಿನ ಚಕ್ರ ಅಷ್ಟು ಮೆತ್ತಗಾದರೆ ರಿಮ್ಮು ತಾಗಿ ಟ್ಯೂಬು ಕಚ್ಚುತ್ತದೆ. ಸೈಕಲ್ ಹೊರಗಿನ ಚಳಿಯಲ್ಲಿ ಒಂದು ಗಂಟೆ ನಿಂತ ಮೇಲೆ ಅಳೆದು ಗಾಳಿ ಹೊಡೆಯಿರಿ, ವಾರಕ್ಕೊಮ್ಮೆ.

ಮೊಳೆ ಟೈರಿನಲ್ಲಿ ತುಳಿತ ಭಾರ. ಬೇಸಿಗೆಯಲ್ಲಿ 20 ನಿಮಿಷದ ದಾರಿಗೆ 25ರಿಂದ 30 ನಿಮಿಷ ಇಟ್ಟುಕೊಳ್ಳಿ. ಈ ಹತ್ತು ನಿಮಿಷ ಮೊದಲೇ ಲೆಕ್ಕ ಹಾಕದೆ ಹೊರಟವರು ಅವಸರದಲ್ಲಿ ತಿರುವಿನಲ್ಲಿ ಬೀಳುತ್ತಾರೆ.

ಓಡಿಸುವ ರೀತಿ ಸ್ವಲ್ಪ ಬದಲಾಗಬೇಕು. ಸೀಟನ್ನು ಎರಡು ಸೆಂಟಿಮೀಟರ್ ಇಳಿಸಿ, ಕೂತಲ್ಲೇ ಎರಡೂ ಪಾದದ ಮುಂಭಾಗ ನೆಲ ಮುಟ್ಟಲಿ. ವೇಗ ಇಳಿಸುವುದೆಲ್ಲ ತಿರುವಿಗೆ ಮೊದಲು, ಸೈಕಲ್ ನೇರ ಇರುವಾಗಲೇ ಮುಗಿಯಬೇಕು. ತಿರುವಿನೊಳಗೆ ಸೈಕಲ್ ವಾಲಿಸದೆ, ಬ್ರೇಕು ಮುಟ್ಟದೆ ದೊಡ್ಡ ಬಳಸಿನಲ್ಲಿ ತಿರುಗಿ. ಐಸು ಕಂಡಲ್ಲಿ ಮುಂದಿನ ಕೈಬ್ರೇಕಿನಿಂದ ಬೆರಳು ತೆಗೆದುಬಿಡಿ. ನಿಮ್ಮ ಕಾಲುಬ್ರೇಕು ಇಲ್ಲಿ ವರ. ತಂತಿಯಿಲ್ಲದ್ದರಿಂದ ಹೆಪ್ಪುಗಟ್ಟುವ ಮಾತಿಲ್ಲ, ರಿಮ್ಮು ಒದ್ದೆಯಾದರೂ ಅದು ಹಿಡಿಯುತ್ತದೆ. ಅಜ್ಜಿ ಸೈಕಲ್ ಎಂದು ಇಲ್ಲಿನವರೇ ಪ್ರೀತಿಯಿಂದ ಕರೆಯುವ ಈ ಬಗೆಯ ಸೈಕಲ್ ಚಳಿಗಾಲದಲ್ಲಿ ದುಬಾರಿ ಗೇರ್ ಸೈಕಲ್ಲುಗಳನ್ನು ನಾಚಿಸುತ್ತದೆ. ಒಂದೇ ಎಚ್ಚರ: ಒದ್ದಂತೆ ತುಳಿಯಬೇಡಿ, ಚಕ್ರ ಕಚ್ಚಿ ನಿಂತು ಅಡ್ಡ ಜಾರುತ್ತದೆ. ಅಂಗಾಲಿನಲ್ಲಿ ಮೆಲ್ಲಗೆ ಒತ್ತಿ. ಇನ್ನೊಂದು, ಇಂಥ ಸೈಕಲ್ಲಿನಲ್ಲಿ ಪೆಡಲನ್ನು ಹಿಂದಕ್ಕೆ ತಿರುಗಿಸಿ ಬೇಕಾದ ಜಾಗಕ್ಕೆ ತಂದುಕೊಳ್ಳಲಾಗುವುದಿಲ್ಲ. ನಿಲ್ಲುವಾಗಲೇ ಬಲ ಪೆಡಲು ಗಡಿಯಾರದ ಎರಡು ಗಂಟೆಯ ಜಾಗದಲ್ಲಿರುವಂತೆ ನಿಲ್ಲಿ, ಮತ್ತೆ ಹೊರಡುವಾಗ ಮೊದಲ ತುಳಿತ ಗಟ್ಟಿಯಾಗಿ ಸಿಗುತ್ತದೆ. ಐಸಿನ ಮೇಲೆ ಒದ್ದಾಡಿಕೊಂಡು ಹೊರಡುವಾಗ ಬೀಳುವವರೇ ಹೆಚ್ಚು.

ನಿಮ್ಮ ದಾರಿಯಲ್ಲಿ ಅಂಡರ್‌ಪಾಸ್‌ಗಳಿರಲೇಬೇಕು, ಔಲುವಿನಲ್ಲಿ ಅವು ಹೇರಳ. ಕಾರುಗಳ ಕಾಟ ತಪ್ಪಿಸುವುದಕ್ಕೆ ಒಳ್ಳೆಯದು. ಆದರೆ ಇಳಿಜಾರಿನ ತಳದಲ್ಲಿ ಕರಗಿದ ನೀರು ಸೇರಿ, ಬಿಸಿಲು ಬೀಳದ ಕಾರಣ ಅಲ್ಲೇ ಹೆಪ್ಪುಗಟ್ಟಿರುತ್ತದೆ. ಗೋಡೆಯ ಮರೆಯಿಂದ ಎದುರಿನವರು ಕಾಣುವುದಿಲ್ಲ. ಮೇಲೇ ವೇಗ ಇಳಿಸಿ, ಬೆಲ್ಲು ಹೊಡೆದು ಇಳಿಯಿರಿ. ಸೇತುವೆಗಳ ಮೇಲ್ಮೈಯೂ ಬೇರೆ ರಸ್ತೆಗಿಂತ ಮೊದಲು ಹೆಪ್ಪುಗಟ್ಟುತ್ತದೆ, ಕೆಳಗಿನಿಂದಲೂ ಗಾಳಿ ತಣಿಸುತ್ತದಲ್ಲ. ಕಬ್ಬಿಣದ ಮ್ಯಾನ್‌ಹೋಲ್ ಮುಚ್ಚಳ, ರಸ್ತೆಯ ಬಿಳಿ ಪಟ್ಟೆ ಇವುಗಳ ಮೇಲೆ ಮೊಳೆಗೂ ಹಿಡಿತ ಕಡಿಮೆ.

ಕಾರು ರಸ್ತೆ ದಾಟುವ ಕಡೆ ಗಾಲಿಗಳು ಕಡೆದು ಕಂದು ಸಕ್ಕರೆಯಂತೆ ಮಾಡಿದ ಸಡಿಲ ಹಿಮ ಸಿಗುತ್ತದೆ. ಹರಿಹರದ ಹೊಳೆ ಮರಳಿನಲ್ಲಿ ಸೈಕಲ್ ನುಗ್ಗಿಸಲು ಹೋಗಿದ್ದರೆ ಅದರ ಸ್ವಭಾವ ನಿಮಗೆ ಗೊತ್ತು. ಮುಂದಿನ ಚಕ್ರ ಹೂತು ತನ್ನಿಷ್ಟದ ಕಡೆ ತಿರುಗುತ್ತದೆ. ಇಲ್ಲಿ ಮೊಳೆ ಟೈರಿನಿಂದಲೂ ಉಪಯೋಗವಿಲ್ಲ. ಒಬ್ಬರೇ ಇದ್ದರೆ ಒಂದನೇ ಗೇರಿನಲ್ಲಿ, ಹ್ಯಾಂಡಲ್ ಸಡಿಲ ಹಿಡಿದು ಬಿಡದೆ ತುಳಿಯಿರಿ. ಮಗಳಿದ್ದರೆ ಇಳಿದು ತಳ್ಳಿ. ಹತ್ತು ಹೆಜ್ಜೆ ಅಷ್ಟೇ.

ಮಗಳ ವಿಷಯ ಬಂದದ್ದಕ್ಕೆ ಎರಡು ಮಾತು ಜಾಸ್ತಿ. ನೀವು ತುಳಿಯುತ್ತೀರಿ, ಮೈ ಬಿಸಿಯಾಗುತ್ತದೆ. ಅವಳು ಸುಮ್ಮನೆ ಕೂತಿರುತ್ತಾಳೆ. ನಿಮಗೆ ಹಿತವೆನಿಸಿದ ಹೊತ್ತಿಗೆ ಅವಳು ನಡುಗುತ್ತಿರಬಹುದು. ಇಲ್ಲಿನ ಮಕ್ಕಳು ಹಾಕುವ ದಪ್ಪನೆಯ ಇಡೀ ಮೈಯ ಉಡುಪು, ‘ತೊಪ್ಪಹಾಲರಿ’, ಒಳಗೆ ಉಲ್ಲನ್ ಪದರ, ಕಾಲಿಗೆ ಒಂದು ಸೈಜು ದೊಡ್ಡ ಬೂಟು. ಕೈ ಮುಟ್ಟಿ ನೋಡಿದರೆ ಗೊತ್ತಾಗುವುದಿಲ್ಲ, ಕತ್ತಿನ ಹಿಂಭಾಗಕ್ಕೆ ಬೆರಳು ತೂರಿಸಿ ನೋಡಿ. ಅಲ್ಲಿ ಬೆಚ್ಚಗಿದ್ದರೆ ಸರಿ, ಬೆವರಿದ್ದರೆ ಹೆಚ್ಚಾಯಿತು, ತಣ್ಣಗಿದ್ದರೆ ಸಾಲದು. ಸ್ಟ್ಯಾಂಡ್ ಹಾಕಿ ಮಗುವನ್ನು ಸೀಟಿನಲ್ಲೇ ಬಿಟ್ಟು ಬೀಗ ಹುಡುಕುವುದನ್ನು ಐಸಿನ ಮೇಲೆ ಎಂದೂ ಮಾಡಬೇಡಿ. ಮೊದಲು ಮಗು ಇಳಿಯಲಿ, ಆಮೇಲೆ ಸ್ಟ್ಯಾಂಡು. ಹಣ ಹೊಂದಿದರೆ ಹಿಂದೆ ಎಳೆದುಕೊಂಡು ಹೋಗುವ ಎರಡು ಗಾಲಿಯ ಮುಚ್ಚಿದ ಬಂಡಿ ಚಳಿಗಾಲಕ್ಕೆ ಸೀಟಿಗಿಂತ ಒಳ್ಳೆಯದು. ಅದು ನೆಲಕ್ಕೆ ಹತ್ತಿರ, ಗಾಳಿ ಬಡಿಯುವುದಿಲ್ಲ, ನೀವು ಬಿದ್ದರೂ ಸಾಮಾನ್ಯವಾಗಿ ಅದು ನೆಟ್ಟಗೇ ನಿಂತಿರುತ್ತದೆ.

ಈಗ ನಿಮ್ಮ ಮರಗಟ್ಟುವ ಬೆರಳು, ಬೆವೆತ ಬೆನ್ನು. ಎರಡಕ್ಕೂ ಕಾರಣ ಒಂದೇ: ಬಟ್ಟೆ ಮೈಗೆ ಹೆಚ್ಚಾಗಿದೆ, ತುದಿಗಳಿಗೆ ಕಡಿಮೆಯಾಗಿದೆ. ಮನೆ ಬಾಗಿಲಲ್ಲಿ ನಿಂತಾಗ ಹಾಯೆನಿಸಿದರೆ ಒಂದು ಪದರ ಜಾಸ್ತಿ ಹಾಕಿದ್ದೀರಿ ಎಂದೇ ಅರ್ಥ. ಮೊದಲ ಹತ್ತು ನಿಮಿಷ ತುಸು ಚಳಿಯಾಗಬೇಕು. ಮೈಗೆ ತಾಗುವ ಪದರ ಮೆರಿನೊ ಉಣ್ಣೆಯದು ಅಥವಾ ಬೆವರು ಹೊರಬಿಡುವ ಪಾಲಿಯೆಸ್ಟರಿನದು. ಹತ್ತಿ ಬನಿಯನ್ ಊರಿಗೆ ಚೆನ್ನ, ಇಲ್ಲಿ ಒಮ್ಮೆ ಒದ್ದೆಯಾದರೆ ಆಫೀಸು ಮುಟ್ಟುವವರೆಗೂ ಬೆನ್ನ ಮೇಲೆ ತಣ್ಣೀರು ಬಟ್ಟೆ ಹಾಕಿದಂತೆಯೇ. ಮೈನಸ್ 5ರವರೆಗೆ ಅದರ ಮೇಲೆ ಗಾಳಿ ತಡೆಯುವ ತೆಳು ಜಾಕೆಟ್ಟು ಸಾಕಾಗುತ್ತದೆ. ಮೈನಸ್ 10 ದಾಟಿದರೆ ನಡುವೆ ಒಂದು ತೆಳು ಸ್ವೆಟರು ಸೇರಿಸಿ. ಕಂಕುಳಲ್ಲಿ ಜಿಪ್ ಇರುವ ಜಾಕೆಟ್ಟು ಸಿಕ್ಕರೆ ಕಣ್ಣು ಮುಚ್ಚಿ ಕೊಳ್ಳಿ. ದಪ್ಪ ಡೌನ್ ಜಾಕೆಟ್ಟು ಬಸ್ ಸ್ಟಾಪಿನಲ್ಲಿ ನಿಲ್ಲುವುದಕ್ಕೆ, ತುಳಿಯುವವರಿಗಲ್ಲ.

ಕೈಗೆ ಐದು ಬೆರಳಿನ ಗ್ಲೌಸಿಗಿಂತ ಬೆರಳುಗಳೆಲ್ಲ ಒಂದೇ ಚೀಲದಲ್ಲಿ ಕೂರುವ ಮಿಟನ್ ಬೆಚ್ಚಗೆ, ಒಂದಕ್ಕೊಂದು ಬಿಸಿ ಕೊಡುತ್ತವೆ. ಅದಕ್ಕಿಂತ ಒಳ್ಳೆಯದು ಹ್ಯಾಂಡಲ್ಲಿಗೇ ತೊಡಿಸುವ ದಪ್ಪ ಕವರು. ಅದರೊಳಗೆ ತೆಳು ಗ್ಲೌಸ್ ಹಾಕಿದ ಕೈ ತೂರಿಸಿದರೆ ಮೈನಸ್ 20ರಲ್ಲೂ ಬೆಲ್ಲು, ಗೇರು, ಬ್ರೇಕು ಬೆರಳಿಗೆ ಸಿಗುತ್ತವೆ. ನೋಡಲು ಚೆಂದವಿಲ್ಲ, ನಿಜ. ಪಾದಕ್ಕೆ ಎರಡು ಜೊತೆ ಸಾಕ್ಸ್ ತುರುಕಿ ಶೂ ಬಿಗಿಯಾದರೆ ರಕ್ತ ಓಡಾಟ ನಿಂತು ಇನ್ನಷ್ಟು ತಣ್ಣಗಾಗುತ್ತದೆ. ಒಂದೇ ಜೊತೆ ಉಲ್ಲನ್ ಸಾಕ್ಸ್, ಬೆರಳು ಅಲ್ಲಾಡಿಸುವಷ್ಟು ಜಾಗವಿರುವ ಶೂ, ಕೆಳಗೆ ಉಣ್ಣೆಯ ಇನ್‌ಸೋಲ್. ಲೋಹದ ಪೆಡಲು ಅಂಗಾಲಿನ ಬಿಸಿ ಹೀರುತ್ತದೆ, ಪ್ಲಾಸ್ಟಿಕ್ಕಿನದು ಹಾಕಿಸಿ. ಕಿವಿಗೆ ಹೆಲ್ಮೆಟ್ ಒಳಗೆ ಕೂರುವ ತೆಳು ಟೋಪಿ; ಊರಿಂದ ತಂದ ದಪ್ಪ ಮಂಕಿ ಕ್ಯಾಪ್ ಹಾಕಿದರೆ ಹೆಲ್ಮೆಟ್ ತಲೆಯ ಮೇಲೆ ತೇಲುತ್ತದೆ, ಬಿದ್ದರೆ ಕಾಪಾಡುವುದಿಲ್ಲ. ಕತ್ತಿಗೆ ಕೊಳವೆಯಂಥ ಬಫ್. ಉದ್ದ ಮಫ್ಲರ್, ವೇಲು ಬೇಡವೇ ಬೇಡ. ಚಕ್ರಕ್ಕೆ ಸೆರಗು ಸಿಕ್ಕಿದರೆ ಏನಾಗುತ್ತದೆಂದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ.

ಗಾಳಿಯೇ ಇಲ್ಲದ ದಿನವೂ ನೀವು ತುಳಿಯುವುದರಿಂದಲೇ ಮುಖಕ್ಕೆ ಗಾಳಿ ಹುಟ್ಟುತ್ತದೆ. ಮೈನಸ್ 10ರಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗವೆಂದರೆ ಚರ್ಮಕ್ಕೆ ಅದು ಮೈನಸ್ 18ರಂತೆ. ಮೈನಸ್ 20ರಲ್ಲಿ ಮೈನಸ್ 30ರಂತೆ. ಆ ಮಟ್ಟದಲ್ಲಿ ತೆರೆದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು, ನಿಮ್ಮ ಪಯಣವೂ ಅಷ್ಟೇ ಹೊತ್ತಿನದು. ಕೆನ್ನೆ, ಮೂಗಿನ ತುದಿ, ಕಿವಿ ಬೆಳ್ಳಗೆ ಮೇಣದಂತಾಗಿ ನೋವೇ ನಿಂತುಹೋದರೆ ಎಚ್ಚರ. ನೋವು ನಿಂತದ್ದು ವಾಸಿಯಾದ ಗುರುತಲ್ಲ. ನಮ್ಮ ಕಪ್ಪು ಚರ್ಮದಲ್ಲಿ ಬಿಳುಪು ಅಷ್ಟು ಬೇಗ ಕಾಣದೆ ಬೂದು ಬಣ್ಣವಾಗಿ ತೋರಬಹುದು, ಆದ್ದರಿಂದ ಕಣ್ಣಿಗಿಂತ ಸ್ಪರ್ಶವನ್ನು ನಂಬಿ. ಉಜ್ಜಬೇಡಿ, ಹಿಮವಂತೂ ತಿಕ್ಕಲೇಬೇಡಿ. ಒಳಗೆ ಹೋಗಿ ಬೆಚ್ಚಗಿನ ಅಂಗೈ ಒತ್ತಿ ಹಿಡಿಯಿರಿ; ಬೆರಳಾದರೆ 37–39 ಡಿಗ್ರಿಯ, ಅಂದರೆ ಮಗುವಿಗೆ ಸ್ನಾನ ಮಾಡಿಸುವ ಹದದ ನೀರಿನಲ್ಲಿ ಅದ್ದಿ. ಜೋಮು ಹೋಗದಿದ್ದರೆ, ಬೊಬ್ಬೆ ಎದ್ದರೆ ವೈದ್ಯರಿಗೆ ತೋರಿಸಿ. ಆಸ್ತಮಾ ಇದ್ದವರು ಬಫ್ ಮೂಲಕವೇ ಉಸಿರಾಡಬೇಕು, ಇನ್‌ಹೇಲರ್ ಒಳಜೇಬಿನಲ್ಲಿರಬೇಕು. ಫೋನೂ ಅಲ್ಲೇ, ಹೊರಜೇಬಿನಲ್ಲಿ ಬ್ಯಾಟರಿ ಸತ್ತುಹೋಗುತ್ತದೆ. ತುರ್ತಿಗೆ ಇಲ್ಲಿ 112.

ಸೈಕಲ್ಲಿನ ಜಡ್ಡುಗಳು ಬೇರೆ. ದಾವಣಗೆರೆಯಲ್ಲೂ ಡಿಸೆಂಬರ್ ಬೆಳಗ್ಗೆ ತೆಂಗಿನೆಣ್ಣೆ ಶೀಶೆಯಲ್ಲೇ ಗಟ್ಟಿಯಾಗುತ್ತದಲ್ಲ, ಹಿಂದಿನ ಚಕ್ರದ ನಡುವಿನ ಗುಂಬ, ಅಂದರೆ ಹಬ್, ಅದರೊಳಗಿನ ಗ್ರೀಸೂ ಹಾಗೇ. ಒಳಗಿನ ಪುಟ್ಟ ಹಲ್ಲುಗಳು ಗಟ್ಟಿ ಗ್ರೀಸಿನಲ್ಲಿ ಸಿಕ್ಕಿ ಮೇಲೇಳದಿದ್ದರೆ ಪೆಡಲು ತುಳಿದಷ್ಟೂ ಸುಮ್ಮನೆ ತಿರುಗುತ್ತದೆ, ಸೈಕಲ್ ನಿಂತಲ್ಲೇ. ಅಂಗಡಿಯವರಿಗೆ ಹೇಳಿ ಹಬ್ ಬಿಚ್ಚಿಸಿ, ಹಳೇ ಗ್ರೀಸ್ ತೆಗೆಸಿ, ಚಳಿಗೆ ಹೊಂದುವ ತೆಳು ಗ್ರೀಸ್ ಹಾಕಿಸಿ. ಕಾಲುಬ್ರೇಕಿನ ಹಬ್ಬಿಗೆ ನೀವೇ ಮನಸ್ಸಿಗೆ ಬಂದ ಎಣ್ಣೆ ಸುರಿಯಬೇಡಿ, ಬ್ರೇಕೇ ಜಾರುತ್ತದೆ. ಹಿಂದಿನ ಚಕ್ರಕ್ಕೆ ಮೊಳೆ ಟೈರು ಹಾಕುವಾಗ ಚಕ್ರ ಬಿಚ್ಚಿಯೇ ಬಿಚ್ಚುತ್ತಾರೆ, ಇದನ್ನೂ ಆಗಲೇ ಮಾಡಿಸಿದರೆ ಒಂದೇ ಕೂಲಿ.

ಇಡುವ ಜಾಗದ ಬಗ್ಗೆ ಒಂದೇ ಸೂತ್ರ: ಸೈಕಲ್ ಯಾವಾಗಲೂ ಹೊರಗಿರಲಿ, ಇಲ್ಲವೇ ಒಳಗೆ ಬಂದರೆ ಪೂರ್ತಿ ಒಣಗಿದ ಮೇಲೇ ಹೊರಗೆ ಹೋಗಲಿ. ಒಂದು ಗಂಟೆ ಒಳಗಿಟ್ಟರೆ ಅಂಟಿದ ಹಿಮ ಕರಗಿ ಗೇರಿನ ಕೇಬಲ್ ಕೊಳವೆಗೆ ಇಳಿಯುತ್ತದೆ. ಹೊರಗೆ ತಂದ ಐದನೇ ನಿಮಿಷಕ್ಕೆ ಅದು ಐಸಾಗಿ ಗೇರು ಅಲ್ಲಾಡುವುದಿಲ್ಲ. ಬೀಗದ ತೂತು ಕೆಳಮುಖವಾಗಿರುವಂತೆ ಹಾಕಿ, ಬೀಗಕ್ಕೆಂದೇ ಸಿಗುವ ಎಣ್ಣೆ ತಿಂಗಳಿಗೊಮ್ಮೆ ಬಿಡಿ. ಹೆಪ್ಪುಗಟ್ಟಿದ ಬೀಗಕ್ಕೆ ಬಿಸಿನೀರು ಸುರಿದರೆ ಆ ಕ್ಷಣಕ್ಕೆ ತೆರೆಯುತ್ತದೆ, ಮಾರನೇ ದಿನ ಇನ್ನೂ ಗಟ್ಟಿ. ಚೈನು ವಾರಕ್ಕೊಮ್ಮೆ ಒರೆಸಿ ಎಣ್ಣೆ ಹಚ್ಚಿ ಸಾಕು. ಹೆಲ್ಸಿಂಕಿಯ ಕೆಲವು ಮುಖ್ಯ ಸೈಕಲ್ ದಾರಿಗಳಲ್ಲಿ, ಟೊರೊಂಟೊದಂಥ ಊರುಗಳಲ್ಲಿ ಉಪ್ಪು ಹಾಕುತ್ತಾರೆ. ಅಲ್ಲಿರುವ ನಿಮ್ಮ ನೆಂಟರಿಷ್ಟರು ದಿನಾ ಸಂಜೆ ಒರೆಸದಿದ್ದರೆ ಒಂದೇ ಋತುವಿನಲ್ಲಿ ಚೈನು ತುಕ್ಕು ಹಿಡಿಯುತ್ತದೆ. ಮುಂದೆ ಬ್ಯಾಟರಿ ಸೈಕಲ್ ಕೊಂಡರೆ ನೆನಪಿರಲಿ: ಬ್ಯಾಟರಿಯನ್ನು ಒಳಗೊಯ್ದು, ಅದು ಕೋಣೆಯ ಬಿಸಿಗೆ ಬಂದ ಮೇಲೆ ಚಾರ್ಜಿಗೆ ಹಾಕಬೇಕು. ಸೊನ್ನೆಗಿಂತ ಕೆಳಗೆ ತಣಿದ ಲಿಥಿಯಂ ಬ್ಯಾಟರಿಯನ್ನು ಹಾಗೇ ಚಾರ್ಜ್ ಮಾಡಿದರೆ ಒಳಗೆ ಕಾಯಂ ಹಾನಿಯಾಗುತ್ತದೆ.

ದಾರಿಯಲ್ಲಿ ಪಂಕ್ಚರ್ ಆದರೆ? ಮೈನಸ್ 15ರಲ್ಲಿ ಸಲ್ಯೂಷನ್ ಒಣಗುವುದಿಲ್ಲ, ಪ್ಯಾಚು ಹಿಡಿಯುವುದಿಲ್ಲ, ಕಾಲುಬ್ರೇಕಿನ ಹಿಂದಿನ ಚಕ್ರ ಬಿಚ್ಚುವಷ್ಟರಲ್ಲಿ ಬೆರಳು ಮರಗಟ್ಟುತ್ತವೆ. ಕಂಬಕ್ಕೆ ಬೀಗ ಹಾಕಿ ಬಸ್ ಹತ್ತಿ.

ಡಿಸೆಂಬರ್ 21ರ ಆಸುಪಾಸಿನಲ್ಲಿ ಔಲುವಿನಲ್ಲಿ ಸೂರ್ಯ ಹತ್ತೂವರೆಗೆ ಹುಟ್ಟಿ ಎರಡಕ್ಕೆ ಮುಳುಗುತ್ತಾನೆ. ಹೋಗುವುದೂ ಬರುವುದೂ ಕತ್ತಲೆಯಲ್ಲೇ. ಮುಂದೆ ಬಿಳಿ, ಹಿಂದೆ ಕೆಂಪು ದೀಪ ಕಾನೂನಿಗೂ ಬೇಕು. ಚಾರ್ಜಿನ ದೀಪವಾದರೆ ಇಳಿದ ಕೂಡಲೇ ಬಿಚ್ಚಿ ಒಳಗೊಯ್ಯಿರಿ, ಹೊರಗೆ ಬಿಟ್ಟರೆ ಸಂಜೆಗೆ ಅರ್ಧ ಜೀವ. ಹಬ್ ಡೈನಮೊ ಇದ್ದರೆ ಈ ತಲೆನೋವಿಲ್ಲ. ಮುಂದಿನ ದೀಪ ನೆಲ ನೋಡುವಂತಿರಲಿ, ಎದುರಿನವರ ಕಣ್ಣಿಗೆ ಹೊಡೆಯಬಾರದು. ಇಲ್ಲಿನವರ ಕೋಟಿನಲ್ಲಿ ನೇತಾಡುವ ಪುಟ್ಟ ಪ್ಲಾಸ್ಟಿಕ್ ಬಿಲ್ಲೆ ಗಮನಿಸಿರುತ್ತೀರಿ, ‘ಹೆಯಸ್ತಿನ್’, ಬೆಳಕು ಬಿದ್ದರೆ ಮಿಂಚುವುದು. ಅಂಥದೇ ಪಟ್ಟಿಯನ್ನು ಬೆನ್ನಿಗಿಂತ ಮೊದಲು ಕಣಕಾಲಿಗೆ ಕಟ್ಟಿ. ತುಳಿಯುವಾಗ ಮೇಲೆ ಕೆಳಗೆ ಆಡುವ ಎರಡು ಮಿಂಚು ಕಂಡರೆ ಕಾರಿನವರಿಗೆ ಇದು ಸೈಕಲ್ ಎಂದು ದೂರದಿಂದಲೇ ತಿಳಿಯುತ್ತದೆ.

ಏಳುವ ಮನಸ್ಸೇ ಬರುವುದಿಲ್ಲ ಎಂದಿರಿ. ಬರುವುದೂ ಇಲ್ಲ, ಅದಕ್ಕೆ ಕಾಯಬೇಡಿ. ಆರು ಗಂಟೆಯ ಕತ್ತಲೆಯಲ್ಲಿ, ಹೊದಿಕೆಯೊಳಗೆ, ‘ಇವತ್ತು ಸೈಕಲ್ಲೋ ಬಸ್ಸೋ’ ಎಂದು ಕೇಳಿಕೊಂಡರೆ ಉತ್ತರ ಏನೆಂದು ಎಲ್ಲರಿಗೂ ಗೊತ್ತು. ಆ ಪ್ರಶ್ನೆಯನ್ನು ರಾತ್ರಿ ಒಂಬತ್ತಕ್ಕೆ, ಊಟವಾದ ಮೇಲೆ ಮುಗಿಸಿ. ಅದೂ ಮನಸ್ಸನ್ನು ಕೇಳಿಯಲ್ಲ, ಹವಾಮಾನ ನೋಡಿ. ಫಿನ್ಲೆಂಡಿನ ಹವಾಮಾನ ಸಂಸ್ಥೆ ನಡೆಯುವವರಿಗೆಂದೇ ಜಾರುವ ಹಾದಿಯ ಎಚ್ಚರಿಕೆ ಕೊಡುತ್ತದೆ. ಅದು ಬಂದಿದ್ದರೆ, ಇಲ್ಲವೇ ಮಳೆ ಬಿದ್ದಲ್ಲೇ ಐಸಾಗುವ ಮುನ್ಸೂಚನೆ ಇದ್ದರೆ ಬಸ್ಸು. ಮಗಳಿದ್ದಾಗ ಮೈನಸ್ 15, ಒಬ್ಬರೇ ಇದ್ದಾಗ ಮೈನಸ್ 20ಕ್ಕಿಂತ ಕೆಳಗೆ ಹೋದರೂ ಬಸ್ಸು. ಮಗಳಿಗೆ ಜ್ವರ, ನಿಮಗೆ ನಿದ್ದೆಗೆಟ್ಟಿದ್ದರೂ ಬಸ್ಸು. ಇದ್ಯಾವುದೂ ಇಲ್ಲದಿದ್ದರೆ ಸೈಕಲ್ಲು, ಚರ್ಚೆಯಿಲ್ಲ. ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಬಾಗಿಲಿಗೆ ಅಂಟಿಸಿ. ಬಸ್ ಕಾರ್ಡಿನಲ್ಲಿ ಸದಾ ಹಣವಿರಲಿ, ಅದೂ ಸೈಕಲ್ ಸಾಮಾನೇ. ಚಳಿಗಾಲದ ಸೈಕಲ್ ಬಿಟ್ಟವರಲ್ಲಿ ಬಹುಪಾಲು ಮಂದಿ ಚಳಿಗೆ ಸೋತು ಬಿಟ್ಟವರಲ್ಲ. ಒಂದು ವಾರ ಬಸ್ಸಿನಲ್ಲಿ ಹೋಗಿ, ಇನ್ನು ವ್ರತಭಂಗವಾಯಿತು ಎಂದು ಕೈಬಿಟ್ಟವರು.

ರಾತ್ರಿಯೇ ಬಟ್ಟೆಯನ್ನು ತೊಡುವ ಕ್ರಮದಲ್ಲಿ ಕುರ್ಚಿಯ ಮೇಲೆ ಜೋಡಿಸಿ, ದೀಪ ಚಾರ್ಜಿಗೆ, ಗ್ಲೌಸ್ ಒಣಗಲು. ಆಫೀಸಿನಲ್ಲಿ ಒಂದು ಜೊತೆ ಶೂ, ಒಂದು ಒಣ ಬನಿಯನ್ ಕಾಯಂ ಇಟ್ಟುಬಿಡಿ. ಬೆಳಗ್ಗೆ ಹುಡುಕಾಡುವ ಒಂದೊಂದು ವಸ್ತುವೂ ಹೋಗದಿರಲು ಒಂದೊಂದು ನೆಪ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಹದಿನೈದು ನಿಮಿಷ ಹೊರಗೆ ನಡೆಯಿರಿ, ಇರುವ ಬೆಳಕೇ ಅಷ್ಟು. ಈ ಅಕ್ಷಾಂಶದ ಚಳಿಗಾಲದಲ್ಲಿ ಬಿಸಿಲಿನಿಂದ ವಿಟಮಿನ್ ಡಿ ಸಿಗುವುದಿಲ್ಲ. ಅದಕ್ಕೇ ಇಲ್ಲಿ ಹಾಲಿಗೂ ಅದನ್ನು ಬೆರೆಸುತ್ತಾರೆ. ನಿಮಗೂ ಮಗಳಿಗೂ ಮಾತ್ರೆ ಎಷ್ಟು ಬೇಕೆಂದು ಕೇಳಿ ತಿಳಿಯಿರಿ. ವಾರಗಟ್ಟಲೆ ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಅದು ಸೋಮಾರಿತನವಲ್ಲದೆ ಕತ್ತಲೆ ಕಾಲದ ಖಿನ್ನತೆಯೂ ಇರಬಹುದು. ಉದ್ಯೋಗಿಗಳಿಗೆ ಕಂಪನಿ ಕಡೆಯಿಂದಲೇ ಆರೋಗ್ಯ ಸೇವೆ ಇರುತ್ತದೆ, ಸಂಕೋಚವಿಲ್ಲದೆ ಹೋಗಿ.

ಮೊದಲ ವಾರ ಒಬ್ಬರೇ, ಶನಿವಾರ ಹಗಲು ಬೆಳಕಿನಲ್ಲಿ ಇಡೀ ದಾರಿ ಓಡಿಸಿ ನೋಡಿ. ಖಾಲಿ ಪಾರ್ಕಿಂಗ್ ಜಾಗದಲ್ಲಿ ಐಸಿನ ಮೇಲೆ ಬೇಕೆಂದೇ ಬ್ರೇಕು ಹಾಕಿ, ಎಷ್ಟು ದೂರಕ್ಕೆ ನಿಲ್ಲುತ್ತದೆಂದು ಕಣ್ಣಲ್ಲಿ ಅಳೆದುಕೊಳ್ಳಿ. ಎರಡನೇ ವಾರ ಸೀಟಿಗೆ ಹತ್ತು ಕಿಲೋ ಅಕ್ಕಿ ಚೀಲ ಕಟ್ಟಿ ಅದೇ ದಾರಿ. ಮಗಳು ಮೂರನೇ ವಾರ.

ಮೊಳೆ ಟೈರನ್ನು ಹಿಮ ಕರಗಿದ ತಕ್ಷಣ ತೆಗೆಯಬೇಡಿ. ಏಪ್ರಿಲ್‌ನಲ್ಲಿ ಹಗಲೆಲ್ಲ ನೀರು, ಬೆಳಗ್ಗೆ ಏಳಕ್ಕೆ ಮತ್ತೆ ಕಪ್ಪು ಐಸು. ಜೊತೆಗೆ ಚಳಿಗಾಲವಿಡೀ ಚೆಲ್ಲಿದ ಜಲ್ಲಿಯೆಲ್ಲ ಬರಿ ಡಾಂಬರಿನ ಮೇಲೆ ಚೂಪಾಗಿ ಉಳಿದಿರುತ್ತದೆ, ತೆಳು ಬೇಸಿಗೆ ಟೈರಿಗೆ ಅದು ಪಂಕ್ಚರಿನ ಸುಗ್ಗಿ. ಪುರಸಭೆಯ ಗಾಡಿ ನಿಮ್ಮ ದಾರಿ ಗುಡಿಸಿ ಹೋದ ಮೇಲೆ ಬದಲಿಸಿ. ಬಿಚ್ಚುವ ಮೊದಲು ಸೀಮೆಸುಣ್ಣದಲ್ಲಿ ‘ಮುಂದೆ’, ‘ಹಿಂದೆ’ ಎಂದು ಟೈರಿನ ಮೇಲೆ ಬರೆದು, ಒಣಗಿಸಿ, ಬಿಸಿಲು ಬೀಳದ ಕಡೆ ಇಡಿ. ಹಿಂದಿನ ಮೊಳೆಗಳು ಹೆಚ್ಚು ಸವೆದಿರುತ್ತವೆ. ಮುಂದಿನ ವರ್ಷ ಹೊಸ ಟೈರು ಕೊಂಡರೆ ಅದು ಮುಂದಕ್ಕೆ, ಈಗಿನ ಮುಂದಿನದು ಹಿಂದಕ್ಕೆ.